ಸೇನಾ ಕುಟುಂಬಗಳ ಕಲ್ಯಾಣ ಕಾರ್ಯಕ್ರಮಗಳು: 14 ವರ್ಷದ ಬಳಕೆಯ ನಂತರ

ಪತಿ ಸೇನೆಯಲ್ಲಿದ್ದಾರೆ. ಮದುವೆಯಾಗಿ 14 ವರ್ಷಗಳಲ್ಲಿ ಐದು ಕಂಟೋನ್ಮೆಂಟ್‌ಗಳನ್ನು ಕಂಡಿದ್ದೇನೆ. ಈಜುಕೊಳ, ಜಿಮ್, ಗ್ರಂಥಾಲಯಗಳು ಎಲ್ಲೆಡೆಯೂ ಚೆನ್ನಾಗಿವೆ. ಸೇನಾ ಕುಟುಂಬಗಳ ಕಲ್ಯಾಣ ಸಂಘ ‘ಆವಾ’ ನಡೆಸುವ ಆಶಾ ಶಾಲೆಗೆ ಪಕ್ಕದ ಮನೆಯ ವಿಶೇಷ ಅಗತ್ಯದ ಹುಡುಗಿ ಹೋಗುತ್ತಿದ್ದಳು. ಅವಳು ತಾನೇ ಚೀಲ ಹೆಗಲಿಗೇರಿಸಿಕೊಂಡು ಹೊರಡುವುದನ್ನು ನೋಡಿದ ದಿನ ನನಗೂ ಕಣ್ಣು ತುಂಬಿ ಬಂದಿತ್ತು.

ನನ್ನನ್ನು ಕುಸಿಯದಂತೆ ಹಿಡಿದು ನಿಲ್ಲಿಸಿದ್ದು ಮಾತ್ರ ಹೊಲಿಗೆ ತರಗತಿ. 1984ರಿಂದ ನಮ್ಮ ಸೇನೆ ಕಾವಲು ನಿಂತಿರುವ ಸಿಯಾಚಿನ್‌ಗೆ ಪತಿ ಹೋದಾಗ ನಾನು ಮಗನೊಂದಿಗೆ ಎಸ್‌ಎಫ್ ಕ್ವಾರ್ಟರ್ಸ್‌ನಲ್ಲಿದ್ದೆ. ಗಂಡಂದಿರು ಫೀಲ್ಡ್‌ನಲ್ಲಿರುವಾಗ ಕುಟುಂಬಗಳಿಗೆ ಕೊಡುವ ಮನೆಗಳವು. ತರಗತಿಯಲ್ಲಿ ಹನ್ನೆರಡು ಯಂತ್ರಗಳು. ಪ್ರತಿಯೊಂದರ ಪಕ್ಕದಲ್ಲೂ ಒಂದು ಮೊಬೈಲ್. ಯಾವುದೇ ಒಂದು ರಿಂಗಾದರೂ ಹನ್ನೆರಡು ಯಂತ್ರಗಳೂ ಒಟ್ಟಿಗೆ ನಿಲ್ಲುತ್ತಿದ್ದವು. ಎತ್ತಿಕೊಂಡವಳ ಮುಖ ಅರಳಿದ ಮೇಲೆಯೇ ಮತ್ತೆ ಚಕ್ರ ತಿರುಗುತ್ತಿತ್ತು. ನಾನು ಕಲಿತದ್ದು ಒಂದು ಕುಪ್ಪಸ ಹೊಲಿಯುವಷ್ಟು ಮಾತ್ರ. ಆದರೆ ಆ ಕೋಣೆ ಇಲ್ಲದಿದ್ದರೆ ಆ ಚಳಿಗಾಲವನ್ನು ಹೇಗೆ ಕಳೆಯುತ್ತಿದ್ದೆನೋ!

ಆಪ್ತ ಸಮಾಲೋಚನೆಯ ಬಗ್ಗೆ ಅಷ್ಟು ಖುಷಿಯಿಂದ ಬರೆಯಲಾರೆ. ಅಲ್ಲಿ ಎಲ್ಲವೂ ಹಿಂದಿಯಲ್ಲಿ. ತರಕಾರಿ ಕೊಳ್ಳಲು ನನ್ನ ಹಿಂದಿ ಸಾಕು, ಅಳಲು ಸಾಲದು. ‘ಹೊಟ್ಟೆಯಲ್ಲಿ ಸಂಕಟ’ ಎಂದು ಹೇಳಹೊರಟರೆ ಅವರು ಹೊಟ್ಟೆನೋವಿನ ಬಗ್ಗೆ ವಿಚಾರಿಸಿದರು. ಎರಡನೇ ಸಲ ಹೋಗಲಿಲ್ಲ. ಕೊನೆಗೆ ನನ್ನ ಮಾತು ಕೇಳಿದವರು ಹಿಂದಿನ ಬೀದಿಯಲ್ಲಿದ್ದ, ಸುಬೇದಾರರೊಬ್ಬರ ಪತ್ನಿ. ಅವರು ಕನ್ನಡದವರೆಂದು ತಿಳಿದದ್ದೂ ಆಕಸ್ಮಿಕವಾಗಿ. ಯಾವ ಕಂಟೋನ್ಮೆಂಟ್‌ನಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ ಎಂಬ ಒಂದು ಪಟ್ಟಿಯನ್ನು ಗೋಡೆಗೆ ಅಂಟಿಸಲು ಏನು ಖರ್ಚು?

ಇನ್ನೊಂದು ಕೊರತೆಯೂ ಇದೆ. ಗಂಡಂದಿರು ಫೀಲ್ಡ್‌ಗೆ ಹೊರಡುವ ಮುಂಚೆ ಕುಟುಂಬಗಳನ್ನು ಕರೆದು ಮಾತಾಡಿಸುತ್ತಾರೆ. ಮರಳಿ ಬಂದ ಮೇಲೆ ಯಾರೂ ಕೇಳುವುದಿಲ್ಲ. ನಾಲ್ಕು ವರ್ಷದ ಮಗ ಅಪ್ಪನನ್ನು ಕಂಡು ಬಾಗಿಲ ಹಿಂದೆ ಅವಿತುಕೊಂಡ. ಪಾತ್ರೆ ಬಿದ್ದ ಸದ್ದಿಗೆ ಪತಿ ನಿದ್ದೆಯಿಂದ ನೆಟ್ಟಗೆ ಎದ್ದು ಕೂರುತ್ತಿದ್ದರು. ಅಂಥ ವಾರಗಳಿಗಾಗಿ ಎರಡು ಕೂಟ ನಡೆಸಿದ್ದರೂ ಎಷ್ಟೋ ಆಗುತ್ತಿತ್ತು.

ಆದರೂ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹೊಸದಾಗಿ ಬಂದ ತಂಗಿಯರೇ, ಪತಿ ಹೊರಡುವ ಮೊದಲೇ ಯಾವುದಾದರೊಂದು ತರಗತಿಗೆ ಹೆಸರು ಕೊಡಿ. ಅವರು ಹೋದ ಮೇಲೆ ಹೊಸಿಲು ದಾಟುವುದೇ ಕಷ್ಟ.