ಕ್ವಾಲಿಸ್ ಎಂಜಿನ್: ಬೇರೆ ತಂದು ಕೂರಿಸಿದ್ದು, ಹಳೆಯದನ್ನೇ ಕಟ್ಟಿಸಿದ್ದು

ನಮ್ಮ ಮನೆಯ ಟೊಯೋಟಾ ಕ್ವಾಲಿಸ್ 2003ರ ಡೀಸೆಲ್ ಗಾಡಿ. ಈ ಒಂದೇ ಗಾಡಿಗೆ ನಾನು ಎರಡೂ ಮಾಡಿ ನೋಡಿದ್ದೇನೆ. 2019ರಲ್ಲಿ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಎಂಜಿನ್ ತಂದು ಕೂರಿಸಿದೆ. 2022ರಲ್ಲಿ ಅದನ್ನು ಇಳಿಸಿ, ಗಾಡಿಯ ಜೊತೆ ಬಂದಿದ್ದ ಮೂಲ ಎಂಜಿನ್ನನ್ನೇ ಬಿಚ್ಚಿಸಿ, ಸವೆದ ಭಾಗ ಬದಲಿಸಿ, ಮತ್ತೆ ಕಟ್ಟಿಸಿ ಹಾಕಿದೆ. ಹಳೇ ಡೀಸೆಲ್ ಗಾಡಿ ಇರುವವರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ಬದಲಿಸೋದಾ, ಕಟ್ಟಿಸೋದಾ? ನನ್ನ ಲೆಕ್ಕವನ್ನು ಇಲ್ಲಿ ಬಿಚ್ಚಿ ಇಡುತ್ತೇನೆ.

ಮೊದಲು ಎಂಜಿನ್ ಬಗ್ಗೆ. 2446 ಸಿಸಿ, ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಅಗಲ) 92 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 92 ಮಿಮೀ. ಟರ್ಬೊ ಇಲ್ಲ, ಕಾಮನ್ ರೇಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಹೊಸ ಬಗೆ) ಇಲ್ಲ. ಡೀಸೆಲ್ ಪಂಪು, ನಾಲ್ಕು ನಾಝಲ್, ಒಂದು ಟೈಮಿಂಗ್ ಬೆಲ್ಟ್, ಅಷ್ಟೇ. ಟೊಯೋಟಾದವರು 2005ಕ್ಕೇ ಈ ಗಾಡಿ ನಿಲ್ಲಿಸಿದರು. ಆದರೂ ನಮ್ಮ ಕಡೆಯ ಉಸ್ತಾದರಿಗೆ (ಹಿರಿಯ ಮೆಕ್ಯಾನಿಕರಿಗೆ) ಇದರ ಒಳಗಿನದೆಲ್ಲ ಬಾಯಿಪಾಠ. ನಿಮ್ಮದು ಕಾಮನ್ ರೇಲ್ ಗಾಡಿ ಆಗಿದ್ದರೆ ಇಂಜೆಕ್ಟರ್, ಸೆನ್ಸರ್‌ಗಳ ಖರ್ಚೇ ಬೇರೆ. ನನ್ನ ರೂಪಾಯಿ ಲೆಕ್ಕವನ್ನು ಅದಕ್ಕೆ ಹಾಗೇ ಹಚ್ಚಬೇಡಿ.

2019ರ ಮೇ. ಸೇಡಂನಿಂದ ಕಲಬುರಗಿಗೆ ಬರುತ್ತಿದ್ದೆವು. ಗಾಡಿಯಲ್ಲಿ ಒಂಬತ್ತು ಜನ, ಎಸಿ ಚಾಲೂ, ಹೊರಗೆ ಕೆಂಡದಂಥ ಬಿಸಿಲು. ಮಳಖೇಡ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಮೇಲೇರಿತು. ನೆರಳು ಸಿಗಲಿ ಅಂತ ಇನ್ನೆರಡು ಕಿಲೋಮೀಟರ್ ಓಡಿಸಿದೆ. ಆ ಎರಡು ಕಿಲೋಮೀಟರಿನಲ್ಲೇ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿರುಕು ಬಿಟ್ಟಿತು, ಪಿಸ್ಟನ್ ಕಚ್ಚಿತು. ಗಾಡಿಯನ್ನು ಟೋ ಮಾಡಿಕೊಂಡು ಹುಮನಾಬಾದ್ ರೋಡಿನ ಶೆಡ್ಡಿಗೆ ತಂದೆವು.

ಉಸ್ತಾದರು ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಒಡಲು ನೋಡಿ, "ಬ್ಲಾಕ್ ಭಾಳ ಛಲೋ ಅದ ಸಾಹೇಬ್ರ, ಕಟ್ಟೋಣು. ಆದ್ರ ಇಪ್ಪತ್ತೈದು ದಿನ ಬೇಕು" ಅಂದರು. ಅಕ್ಕನ ಮಗಳ ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಹಾಗಾಗಿ ಬದಲಿಸುವುದೇ ಸರಿ ಅನ್ನಿಸಿತು. ಬದಲಿಸುವುದರ ದೊಡ್ಡ ಲಾಭವೇ ಇದು, ಅದನ್ನು ಸಣ್ಣದು ಅನ್ನಲಾರೆ. ಎಂಜಿನ್ ಬಂದ ನಾಲ್ಕನೇ ದಿನ ಗಾಡಿ ರೋಡಿಗೆ ಇಳಿಯಿತು. ಮದುವೆಗೆ ಬೀಗರನ್ನೆಲ್ಲ ಕರೆತಂದದ್ದು ಅದರಲ್ಲೇ.

ಖರ್ಚು ಹೀಗಾಯಿತು. ಎಂಜಿನ್‌ಗೆ 52,000, ಸಾಗಣೆಗೆ 3,500, ಇಳಿಸಿ ಕೂರಿಸುವ ಕೂಲಿ, ಮೌಂಟಿಂಗ್, ಬೆಲ್ಟ್, ಆಯಿಲ್ ಎಲ್ಲ ಸೇರಿ 12,500. ಒಟ್ಟು 68,000 ರೂಪಾಯಿ. ಮಾರಿದವರು ಹದಿನೈದು ದಿನದ ಗ್ಯಾರಂಟಿ ಕೊಟ್ಟಿದ್ದರು. ಅದು ಎಷ್ಟು ಓಡಿದ ಎಂಜಿನ್ ಅಂತ ಕೇಳಿದರೆ "ಕಡಿಮೆ ಓಡಿದ್ದು" ಅನ್ನುವುದೊಂದೇ ಉತ್ತರ.

ಹೈದರಾಬಾದಿನ ಆ ಅಂಗಡಿಯಲ್ಲಿ ನಾನು ಏನು ನೋಡಲಿಲ್ಲ ಅಂತ ಹೇಳುತ್ತೇನೆ, ನೀವಾದರೂ ನೋಡಿ. ನಾನು ಹೋದಾಗ ಎಂಜಿನ್ ಒಂದೇ ಸೆಲ್ಫ್‌ಗೆ ಚಾಲೂ ಆಯಿತು. ಸದ್ದೂ ನಯವಾಗಿತ್ತು. ಬ್ಲಾಕಿನ ಮೇಲೆ ಕೈ ಇಟ್ಟಿದ್ದರೆ ಬಿಸಿ ತಿಳಿಯುತ್ತಿತ್ತು, ನಾನು ಬರುವ ಮುಂಚೆಯೇ ಅದನ್ನು ಓಡಿಸಿ ಇಟ್ಟಿದ್ದರು. ಡೀಸೆಲ್ ಎಂಜಿನ್‌ನ ನಿಜ ಗುಣ ತಿಳಿಯುವುದು ತಣ್ಣಗಿದ್ದಾಗ ಚಾಲೂ ಮಾಡಿದರೆ ಮಾತ್ರ. ಡೀಸೆಲ್ ಉರಿಯುವುದು ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖದಿಂದ, ಅಲ್ವಾ? ಪಿಸ್ಟನ್ ಸುತ್ತಲಿನ ರಿಂಗು ಸವೆದಿದ್ದರೆ ಗಾಳಿ ಕೆಳಗೆ ಸೋರುತ್ತದೆ, ಶಾಖ ಸಾಲುವುದಿಲ್ಲ, ಬೆಳಿಗ್ಗೆ ಸೆಲ್ಫ್ ಎಳೆದು ಎಳೆದು ಬೆಳ್ಳನೆ ಹೊಗೆ ಬಿಡುತ್ತದೆ. ಬಿಸಿ ಎಂಜಿನ್‌ನಲ್ಲಿ ಇದು ಮುಚ್ಚಿಹೋಗುತ್ತದೆ. ದಪ್ಪ ಆಯಿಲ್ ಹಾಕಿದರೆ ಬೇರಿಂಗ್ ಸದ್ದೂ ಮುಚ್ಚಿಹೋಗುತ್ತದೆ.

ಇನ್ನೊಂದು, ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುವುದು. ಎಂಜಿನ್ ಚಾಲೂ ಇರುವಾಗ ಮುಚ್ಚಳವನ್ನು ಅದರ ಬಾಯಿಯ ಮೇಲೆ ಸುಮ್ನೆ ತಿರುಗಿಸದೆ ಇಡಿ. ಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ. ಕುಣಿದು ಹಾರಿಬಿದ್ದರೆ, ಗಡಿಗೆಯ ಹೊಗೆಯ ಹಾಗೆ ಭಸ್ ಭಸ್ ಬಂದರೆ, ಅದು ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗು ದಾಟಿ ಕೆಳಗೆ ಸೋರಿದ ಗಾಳಿ. ಆ ಎಂಜಿನ್ ತರಬೇಡಿ.

ನಾನು ತಂದ ಎಂಜಿನ್ ಮೊದಲ ವರ್ಷ ಸುಮಾರಾಗಿ ಓಡಿತು. ಎರಡನೇ ವರ್ಷ ಆಯಿಲ್ ಕುಡಿಯತೊಡಗಿತು. ಮೂರನೇ ವರ್ಷಕ್ಕೆ 700 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್. ಮೈಲೇಜ್ 9ಕ್ಕೆ ಇಳಿಯಿತು. ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ, ಅಳೆಸಿದೆ. ಒಳ್ಳೆ ಸ್ಥಿತಿಯ ಇಂಥ ಎಂಜಿನ್‌ನಲ್ಲಿ ಚದರ ಸೆಂಟಿಮೀಟರಿಗೆ 30 ಕೆಜಿ ಆಸುಪಾಸು ಇರಬೇಕು. ನಮ್ಮದರಲ್ಲಿ ಒಂದು ಸಿಲಿಂಡರಿನಲ್ಲಿ 24, ಇನ್ನೊಂದರಲ್ಲಿ 17. ನಾಲ್ಕೂ ಒಂದೇ ಸಮನೆ ಕಡಿಮೆ ಆಗಿದ್ದರೆ ಇನ್ನೂ ಸ್ವಲ್ಪ ದಿನ ದೂಡಬಹುದಿತ್ತು. ಒಂದಕ್ಕೊಂದು ಇಷ್ಟು ಅಂತರ ಬಂದ ಮೇಲೆ ಎಂಜಿನ್ ನಡುಗುತ್ತದೆ, ದೂಡಿ ಉಪಯೋಗವಿಲ್ಲ. ಅಷ್ಟರಲ್ಲಿ ಅದು ಓಡಿದ್ದು 34,000 ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ಎರಡು ರೂಪಾಯಿ ಎಂಜಿನ್ ಖರ್ಚು.

ಇಷ್ಟೇ ಹೇಳಿ ನಿಲ್ಲಿಸಿದರೆ ಆ ಎಂಜಿನ್‌ಗೆ ಅನ್ಯಾಯ ಮಾಡಿದಂತಾಗುತ್ತದೆ. ಏಕೆಂದರೆ 2022ರ ಆಗಸ್ಟಿನಲ್ಲಿ ಹಳೇ ಬ್ಲಾಕ್ ಬಿಚ್ಚಿದಾಗ ನಿಜವಾದ ಕಾರಣ ಕಣ್ಣಿಗೆ ಬಿತ್ತು.

ಮೂಲ ಎಂಜಿನ್ನನ್ನು ನಾನು ಗುಜರಿಗೆ ಹಾಕಿರಲಿಲ್ಲ. ಉಸ್ತಾದರ ಮಾತು ಕೇಳಿ, ಹಳೇ ಆಯಿಲ್ ಬಳಿದು, ತೊಗರಿಯ ಗೋಣಿಚೀಲದಲ್ಲಿ ಸುತ್ತಿ ಹೊಲದ ಮನೆಯಲ್ಲಿ ಇಟ್ಟಿದ್ದೆ. ಲೇತ್ ಅಂಗಡಿಯಲ್ಲಿ ಬ್ಲಾಕಿನ ಬದಿಯ ಬಿಲ್ಲೆಗಳನ್ನು ಹೊಡೆದು ತೆಗೆದರು. ನೀರು ಓಡಾಡುವ ಜಾಗ ಪೂರ್ತಿ ಬೆಳ್ಳಗೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಮೊಟ್ಟೆಯ ಸಿಪ್ಪೆಯ ಹಾಗೆ ಚೂರು ಚೂರಾಗಿ ಬಂತು. ಕೆಲವು ಚೂರುಗಳು ಎಂಟಾಣೆಯಷ್ಟು ದಪ್ಪ. ಉಸ್ತಾದರು ಒಂದನ್ನು ನನ್ನ ಅಂಗೈಯಲ್ಲಿಟ್ಟು, "ಇದು ನಿಮ್ಮ ಬೋರಿನ ನೀರು" ಅಂದರು.

ನಮ್ಮ ಸೇಡಂ, ಚಿತ್ತಾಪುರ, ವಾಡಿ ಕಡೆ ನೆಲದ ಕೆಳಗೆ ಸುಣ್ಣದ ಕಲ್ಲು. ಆ ಕಲ್ಲಿಗಾಗಿಯೇ ಸಿಮೆಂಟ್ ಕಾರ್ಖಾನೆಗಳು ಬಂದಿವೆ. ಆ ನೆಲದ ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದಿದ್ದೆವು. ನೀರು ಕಾದಾಗ ಸುಣ್ಣ ಒಳಗೇ ಕಟ್ಟಿಕೊಳ್ಳುತ್ತದೆ, ಶಾಖ ಹೊರಗೆ ಹೋಗುವುದಿಲ್ಲ. 2019ರಲ್ಲಿ ಎಂಜಿನ್ ಬದಲಿಸಿದೆವು, ರೇಡಿಯೇಟರ್ ಮಾತ್ರ ಅದೇ ಹಳೆಯದು. ಗಡಿಬಿಡಿಯಲ್ಲಿ ಯಾರೂ ಅದನ್ನು ಬಿಚ್ಚಿ ನೋಡಲಿಲ್ಲ. ತಂದ ಎಂಜಿನ್ ಮೂರು ಬೇಸಿಗೆಯನ್ನು ಆ ಸುಣ್ಣ ಕಟ್ಟಿದ ರೇಡಿಯೇಟರಿನ ಜೊತೆಯೇ ಕಳೆಯಿತು. ರೇಡಿಯೇಟರ್ ಸರಿ ಇದ್ದಿದ್ದರೆ ಅದು ಇನ್ನೂ ಜಾಸ್ತಿ ಬಾಳುತ್ತಿತ್ತು ಅಂತ ಈಗಲೂ ನಂಬುತ್ತೇನೆ.

ಕಟ್ಟಿಸುವ ಕೆಲಸ ಶುರುವಾಗುವುದು ಅಳತೆಯಿಂದ. ಸಿಲಿಂಡರಿನ ಮೇಲ್ತುದಿಯಲ್ಲಿ ರಿಂಗು ಮುಟ್ಟದ ಒಂದು ಅಂಚು ಇರುತ್ತದೆ. ಅಲ್ಲಿ ಉಗುರು ಎಳೆದರೆ ಮೆಟ್ಟಿಲಿನ ಹಾಗೆ ತಡೆಯಿತು. ಡಯಲ್ ಗೇಜ್ ಹಾಕಿದಾಗ ಮೂರನೇ ಸಿಲಿಂಡರ್ 92.21. ಅಂದರೆ 0.21 ಮಿಮೀ ಸವೆದಿದೆ. 0.2 ದಾಟಿದರೆ ಬರೀ ರಿಂಗು ಬದಲಿಸಿ ಪ್ರಯೋಜನವಿಲ್ಲ. ನಾಲ್ಕನ್ನೂ ಅರ್ಧ ಮಿಮೀ ದೊಡ್ಡ ಬೋರ್ ಹೊಡೆಸಿ, 0.50 ಓವರ್‌ಸೈಜ್ ಪಿಸ್ಟನ್ ತರಿಸಿದೆವು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಗ್ರೈಂಡಿಂಗ್ ಮಾಡಿಸಿ, ತೆಳುವಾದ ದಂಡಕ್ಕೆ ಹೊಂದುವ ಒಂದು ಅಳತೆ ಅಂಡರ್‌ಸೈಜ್‌ನ ಬೇರಿಂಗ್‌ಗಳನ್ನು ಹಾಕಿದೆವು. ಬಿರುಕು ಬಿಟ್ಟ ಹೆಡ್ ಕೆಲಸಕ್ಕೆ ಬರುತ್ತಿರಲಿಲ್ಲ. ಹೈದರಾಬಾದಿನ ಎಂಜಿನ್‌ನ ಹೆಡ್ಡನ್ನು ನೀರಿನ ಪ್ರೆಷರಿಗೆ ಹಾಕಿ ನೋಡಿ, ಫೇಸಿಂಗ್ (ತಳ ಸಪಾಟು) ಮಾಡಿಸಿ, ವಾಲ್ವ್ ಕೂರಿಸಿ ಬಳಸಿದೆವು. ಆ 52,000ದಲ್ಲಿ ಒಂದು ಪಾಲು ಹೀಗೆ ಕೈಗೆ ಬಂತು.

ಈ ಖರ್ಚು: ಲೇತ್ ಕೆಲಸ 14,500. ಪಿಸ್ಟನ್, ರಿಂಗು, ಬೇರಿಂಗ್, ಗ್ಯಾಸ್ಕೆಟ್, ವಾಲ್ವ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಆಯಿಲ್ ಪಂಪ್ 46,000. ಡೀಸೆಲ್ ಪಂಪ್ ಮತ್ತು ನಾಝಲ್ 13,000. ರೇಡಿಯೇಟರಿಗೆ ಹೊಸ ಕೋರ್ 9,000. ಕೂಲಿ 18,000. ಆಯಿಲ್, ಕೂಲಂಟ್ 5,500. ಒಟ್ಟು 1,06,000. ಮೊದಲು ಹೇಳಿದ್ದು 85,000. ಬಿಚ್ಚಿದ ಮೇಲೆ ಅಂದಾಜು ಏರಿಯೇ ಏರುತ್ತದೆ, ಇಪ್ಪತ್ತು ಇಪ್ಪತ್ತೈದು ಸಾವಿರ ಕೈಯಲ್ಲಿ ಜಾಸ್ತಿ ಇಟ್ಟುಕೊಂಡೇ ಶುರು ಮಾಡಿ. ದಿನ ಹಿಡಿದಿದ್ದು ಇಪ್ಪತ್ತೊಂಬತ್ತು. ಅದರಲ್ಲಿ ಹನ್ನೊಂದು ದಿನ ಪಿಸ್ಟನ್ ಸೆಟ್ ಬರಲಿಲ್ಲ ಅಂತ ಕಾದದ್ದು.

ಕಟ್ಟಿದ ಮೇಲೂ ತಾಳ್ಮೆ ಬೇಕು. ಮೊದಲ ಸಾವಿರ ಕಿಲೋಮೀಟರ್ 60ರ ಮೇಲೆ ಹೋಗಲಿಲ್ಲ, ಭಾರ ಹಾಕಲಿಲ್ಲ. ಆಳಂದಕ್ಕೆ ಹೋಗುವುದು, ಬರುವುದು. 500ಕ್ಕೆ ಒಮ್ಮೆ ಆಯಿಲ್ ಬದಲಿಸಿದೆ. ತೆಗೆದ ಆಯಿಲ್‌ನಲ್ಲಿ ಬೆಳ್ಳಿಯ ಪುಡಿಯ ಹಾಗೆ ಮಿಣುಕು ಇತ್ತು. ಹೊಸ ರಿಂಗು ಬೋರಿಗೆ ಹೊಂದಿಕೊಳ್ಳುವಾಗ ಉದುರುವ ಲೋಹ ಅದು, ಹೆದರಬೇಕಿಲ್ಲ. ಸಾವಿರಕ್ಕೆ ತೆಗೆದಾಗ ಅದು ಇರಲಿಲ್ಲ.

ಈಗ 41,000 ಕಿಲೋಮೀಟರ್ ಆಗಿದೆ. ಆಯಿಲ್ ಎರಡು ಬದಲಾವಣೆಯ ನಡುವೆ ಕಾಲು ಲೀಟರೂ ಇಳಿಯುವುದಿಲ್ಲ. ಮೈಲೇಜ್ 12. ಕಳೆದ ತಿಂಗಳು ಕಂಪ್ರೆಷನ್ ಅಳೆಸಿದೆ, ನಾಲ್ಕೂ 28, 29. ರೂಪಾಯಿ ಲೆಕ್ಕದಲ್ಲಿ ಇನ್ನೂ ಕಿಲೋಮೀಟರಿಗೆ ಎರಡೂವರೆ ಬೀಳುತ್ತಿದೆ. ಅಂದರೆ ಈ ಹೊತ್ತಿಗೆ ಬದಲಿಸಿದ್ದೇ ಅಗ್ಗ. 53,000 ದಾಟಿದರೆ ಎರಡೂ ಸಮ. ಅಲ್ಲಿಂದ ಮುಂದೆ ಓಡಿದ್ದೆಲ್ಲ ಉಳಿತಾಯ. ಗಾಡಿಯನ್ನು ವರ್ಷ ಎರಡು ವರ್ಷದಲ್ಲಿ ಮಾರುವವರು ಕಟ್ಟಿಸಬೇಡಿ, ಆ ದುಡ್ಡು ಮಾರುವಾಗ ವಾಪಸ್ ಬರುವುದಿಲ್ಲ.

ಕಾಗದದ ವಿಷಯ ಚಿಕ್ಕದಲ್ಲ. ಎಂಜಿನ್ ನಂಬರ್ ಬ್ಲಾಕಿನ ಮೇಲೆ ಇರುತ್ತದೆ, ಆರ್‌ಸಿಯಲ್ಲೂ ಇರುತ್ತದೆ. ಬ್ಲಾಕ್ ಬದಲಾದರೆ ಆರ್‌ಟಿಒದಲ್ಲಿ ನಂಬರ್ ಬದಲಿಸಲೇಬೇಕು, ಇನ್ಶುರೆನ್ಸ್‌ನಲ್ಲೂ ತಿದ್ದಿಸಬೇಕು. ಬಿಲ್ಲು, ಆ ಎಂಜಿನ್ ಯಾವ ಗಾಡಿಯದು ಅನ್ನುವ ಕಾಗದ ಕೈಯಲ್ಲಿ ಇಲ್ಲದಿದ್ದರೆ ಕಳವಿನ ಮಾಲು ನಮ್ಮ ತಲೆಗೆ ಬರಬಹುದು. ನಾನು 2019ರಲ್ಲಿ ಒಮ್ಮೆ ಓಡಾಡಿದೆ, ಮೂಲ ಬ್ಲಾಕ್ ವಾಪಸ್ ಬಂದಾಗ ಮತ್ತೆ ಓಡಾಡಿದೆ. ಮೊದಲೇ ಕಟ್ಟಿಸಿದ್ದರೆ ಈ ಓಡಾಟ ಒಂದೂ ಇರುತ್ತಿರಲಿಲ್ಲ. ಖಾಸಗಿ ಗಾಡಿಯ ಆರ್‌ಸಿ ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೆ ನವೀಕರಣ ಆಗುತ್ತದೆ. ನಮ್ಮದು 2023ರಲ್ಲಿ ಆಯಿತು. ಆ ಹೊತ್ತಿನಲ್ಲಿ ನಂಬರ್ ತಾಳೆ ಆಗದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಹೀಗಿದ್ದರೂ ಎಲ್ಲರಿಗೂ ಕಟ್ಟಿಸಿ ಅನ್ನಲಾರೆ. ಹೋದ ವಾರ ಚಿತ್ತಾಪುರದ ನಮ್ಮ ಕಾಕಾನ ಸುಮೋ ಬಿಚ್ಚಿಸಿದೆವು. ಅವರ ಮನಸ್ಸೂ ಕಟ್ಟಿಸುವ ಕಡೆಗೇ ಇತ್ತು. ಆದರೆ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಗೋಡೆಗೆ ಹೊಡೆದಿದೆ, ಹೆಬ್ಬೆರಳು ತೂರುವಷ್ಟು ತೂತು. ಕ್ರ್ಯಾಂಕ್ ಕೂಡ ಕೊನೆಯ ಅಂಡರ್‌ಸೈಜ್‌ಗೆ ಬಂದುಬಿಟ್ಟಿದೆ, ಇನ್ನು ಗ್ರೈಂಡಿಂಗ್‌ಗೆ ಜಾಗವಿಲ್ಲ. ಅದಕ್ಕೆ ಎಷ್ಟು ದುಡ್ಡು ಸುರಿದರೂ ವ್ಯರ್ಥ. "ಬ್ಯಾರೆ ತರೋಣು ಕಾಕಾ" ಅಂದೆ. ಬರುವ ರವಿವಾರ ಇಬ್ಬರೂ ಹೈದರಾಬಾದಿಗೆ ಹೋಗುತ್ತಿದ್ದೇವೆ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಅಲ್ಲಿರಬೇಕು, ಬ್ಲಾಕ್ ತಣ್ಣಗಿರುವಾಗಲೇ ಕೈ ಇಟ್ಟು ನೋಡಬೇಕು. ಸುಮೋದ ರೇಡಿಯೇಟರನ್ನು ನಿನ್ನೆಯೇ ಬಿಚ್ಚಿ ಕೋರ್ ಬದಲಿಸಲು ಕೊಟ್ಟಾಗಿದೆ.