ಮಡಿಕೇರಿಯ ‘ಸನ್ನಿ ಸೈಡ್’: ಅಂಗಳದ ಟ್ಯಾಂಕು ಜೋಜಿ ಲಾದ್ದಲ್ಲ

ಜನರಲ್ ಕೊಡಂದೇರ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಬಹುಕಾಲ ಆರ್‌ಟಿಒ ಕಚೇರಿಯಾಗಿತ್ತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ ಮೇಲೆ ಅದೀಗ ಸ್ಮಾರಕ ವಸ್ತುಸಂಗ್ರಹಾಲಯ. ಹಂಚಿನ ಹಳೆಯ ಮನೆಯ ಚಹರೆ ಉಳಿಸಿಕೊಂಡಿರುವುದೇ ಮೊದಲ ಸಮಾಧಾನ.

ತಿಮ್ಮಯ್ಯ ಸೇವೆ ಸಲ್ಲಿಸಿದ ಬರ್ಮಾ, ಕೊರಿಯಾ, ಸೈಪ್ರಸ್‌ಗಳ ಭಾಗಗಳೆಲ್ಲ ನೋಡತಕ್ಕವೇ. ಆದರೆ ಸಮಯ ಕಡಿಮೆಯಿದ್ದರೆ ಅದನ್ನು ಜೋಜಿ ಲಾಗೆ ಮೀಸಲಿಡಿ; ಕಾಶ್ಮೀರ–ಲಡಾಖ್ ನಡುವಿನ ಈ ಎತ್ತರದ ಕಣಿವೆದಾರಿಯನ್ನು 1948ರಲ್ಲಿ ಪಾಕಿಸ್ತಾನದ ಕಡೆಯವರು ಹಿಡಿದಿದ್ದರು. ಸೆಪ್ಟೆಂಬರಿನಲ್ಲಿ ನಮ್ಮ ಸೇನೆಯ 77ನೇ ಪ್ಯಾರಾ ಬ್ರಿಗೇಡ್ ಅದನ್ನು ಬಿಡಿಸಿಕೊಳ್ಳಲು ಹೋಗಿ ಎಡವಿತು. ಬಂಡೆಯ ಸಂದುಗಳಲ್ಲಿ ಕೂತ ಮೆಷಿನ್‌ಗನ್ನುಗಳಿಗೆ, ದೂರದಿಂದ ಬಾಗಿ ಬಂದು ಬೀಳುವ ಫಿರಂಗಿ ಗುಂಡು ಸರಿಯಾಗಿ ತಾಗುವುದಿಲ್ಲ. ಹತ್ತಿರ ಹೋಗಿ ಬಂಕರಿನ ಕಿಂಡಿಗೇ ನೇರ ಹೊಡೆಯಬೇಕು. ಅದಕ್ಕೆ ಟ್ಯಾಂಕು ಬೇಕು. ಅಲ್ಲಿನ ಸೇನೆಯ ಹೊಣೆ ಹೊತ್ತಿದ್ದ ತಿಮ್ಮಯ್ಯ, 7ನೇ ಕ್ಯಾವಲ್ರಿ ಎಂಬ ಟ್ಯಾಂಕು ದಳದ ಹಗುರ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮುವಿನಿಂದ ಗುಟ್ಟಾಗಿ ತರಿಸಿದರು. ದಾರಿಯಲ್ಲಿ ಗುರುತು ಸಿಗದಂತೆ ತೋಪು ಕೂರುವ ಮೇಲಿನ ಗೋಪುರಗಳನ್ನು ಬಿಚ್ಚಲಾಗಿತ್ತು. ಜೋಜಿ ಲಾ ಬುಡದ ಬಾಲ್ತಾಲ್‌ನಿಂದ ಮೇಲಕ್ಕಿದ್ದ ಹೇಸರಗತ್ತೆಯ ದಾರಿಯನ್ನು ಟ್ಯಾಂಕು ಹತ್ತುವಷ್ಟು ಅಗಲ ಮಾಡಿದವರು ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳದವರು. ನನ್ನ ಲೆಕ್ಕದಲ್ಲಿ ಅರ್ಧ ಗೆಲುವು ಇವರದು. ಹವಾಮಾನ ಕೆಟ್ಟು ದಿನ ಮುಂದೆ ಹೋಗಿ, ಕೊನೆಗೆ ನವೆಂಬರ್ 1ರಂದು, ಸುಮಾರು 3,500 ಮೀಟರ್ ಎತ್ತರದಲ್ಲಿ, ಹಿಮದ ನಡುವೆ ದಾಳಿ ನಡೆಯಿತು. ಆ ಎತ್ತರದಲ್ಲಿ ಟ್ಯಾಂಕನ್ನು ಎದುರಾಳಿ ನಿರೀಕ್ಷಿಸಿಯೇ ಇರಲಿಲ್ಲ. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಕೈಸೇರಿದವು.

ಅಂಗಳದಲ್ಲಿ ನಿಂತಿರುವುದು 1971ರ ಯುದ್ಧದ ಕಾಲದ ಟಿ-55 ಟ್ಯಾಂಕು. ಸೆಲ್ಫಿಗೆ ಸೊಗಸು, ಜೋಜಿ ಲಾ ಊಹಿಸಿಕೊಳ್ಳಲು ಮಾತ್ರ ಹಾದಿ ತಪ್ಪಿಸುತ್ತದೆ. ಇದು 36 ಟನ್, ತೋಪು 100 ಮಿ.ಮೀ. ಸ್ಟುವರ್ಟ್ ಇದರ ಅರ್ಧ ತೂಕವೂ ಇಲ್ಲ, ತೋಪು ಬರೀ 37 ಮಿ.ಮೀ. ತರಾತುರಿಯಲ್ಲಿ ಕಡಿದ ಆ ದಾರಿಗೆ ಹಗುರ ಟ್ಯಾಂಕೇ ಸರಿ. ತೆಳು ಗಾಳಿಯಲ್ಲಿ ಎಂಜಿನ್ ಬಲವೂ ಕುಗ್ಗುತ್ತದೆ. ಹಾಗಾಗಿ ಮೊದಲು ಒಳಗೆ ಹೋಗಿ, ಅಂಗಳ ಆಮೇಲೆ.

1999ರ ಕಾರ್ಗಿಲ್ ಯುದ್ಧದಲ್ಲಿ ಬೋಫೋರ್ಸ್ ತೋಪುಗಳನ್ನು ಬಂಕರುಗಳಿಗೆ ನೇರ ಗುರಿಯಿಟ್ಟು ಹೊಡೆದದ್ದು, 2020ರಲ್ಲಿ ಚೀನಾದೊಂದಿಗಿನ ಬಿಕ್ಕಟ್ಟಿನ ವೇಳೆ ಪೂರ್ವ ಲಡಾಖಿನ ರೆಚಿನ್ ಲಾ ಕಣಿವೆದಾರಿಗೆ ಟ್ಯಾಂಕು ಏರಿಸಿದ್ದು ಇದೇ ದಾರಿಯ ಮುಂದುವರಿಕೆ. ಮಕ್ಕಳಿಗೆ ತೋರಿಸುವಾಗ ಈ ಎರಡನ್ನೂ ಜೋಡಿಸಿ ಹೇಳಿದರೆ ಗೋಡೆಯ ಚಿತ್ರಗಳಿಗೆ ಜೀವ ಬರುತ್ತದೆ.

ಒಂದೂವರೆ ಗಂಟೆ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಕೊಡೆ ಮರೆಯಬೇಡಿ; ಮಡಿಕೇರಿ ಮಳೆಯಲ್ಲಿ ಅಂಗಳದ ಭಾಗ ನೋಡಲಾಗದೆ ವಾಪಸಾಗಬೇಕಾದೀತು.