ಥಂಡರ್‌ಬರ್ಡ್‌ನ ಸ್ಪ್ಯಾಮ್ ಫಿಲ್ಟರ್: ತೆರಿಗೆ ಕೆಲಸದವರಿಗೆ ಆಗುತ್ತಾ?

ನನ್ನದು ಶಿವಮೊಗ್ಗದಲ್ಲಿ ಒಂದು ಸಣ್ಣ ಆಫೀಸು. ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಜಿಎಸ್‌ಟಿ, ಅಡಿಕೆ ಮಂಡಿಯವರ ಲೆಕ್ಕಪತ್ರ, ಇಷ್ಟೇ ಕೆಲಸ. ಆದರೆ ಸ್ಪ್ಯಾಮ್ ವಿಷಯದಲ್ಲಿ ನಮ್ಮಂಥವರ ತೊಂದರೆ ಬೇರೆಯವರಿಗಿಂತ ಜಾಸ್ತಿ. ಯಾಕೆಂದರೆ ಮೋಸದ ಮೇಲ್‌ಗಳಲ್ಲಿ ಇರುವ ಪದಗಳೆಲ್ಲ ನಮ್ಮ ಅಸಲಿ ಮೇಲ್‌ಗಳಲ್ಲೂ ಇರುತ್ತವೆ. ರಿಫಂಡ್, ಪ್ಯಾನ್, ನೋಟಿಸ್, ಅರ್ಜೆಂಟ್, ಕೊನೆಯ ದಿನ, ಬ್ಯಾಂಕ್ ಅಕೌಂಟ್. ಪಾರ್ಟಿಗಳು, ಅಂದರೆ ನಮ್ಮ ಗ್ರಾಹಕರು, ಕಳಿಸುವ ಮೇಲ್‌ಗಳಂತೂ ಇನ್ನೂ ಅನುಮಾನ ಬರಿಸುವಂತೆ ಇರುತ್ತವೆ. ಸಬ್ಜೆಕ್ಟ್ ಜಾಗ ಖಾಲಿ, ಒಳಗೆ ಒಂದು ಸಾಲೂ ಇಲ್ಲ, ಬರೀ ಮೂರು ಪಿಡಿಎಫ್. ಮರುದಿನ ಬೆಳಿಗ್ಗೆ ಫೋನ್ ಬರುತ್ತದೆ, "ಮೇಡಂ, ನಿನ್ನೇನೇ ಸ್ಟೇಟ್‌ಮೆಂಟ್ ಮೇಲ್ ಹಾಕಿದೀನಿ, ನೋಡಿಲ್ವಾ?"

ನೋಡಿರುವುದಿಲ್ಲ. ನಮ್ಮ ಆಫೀಸಿನ ಮೇಲ್ ಸ್ವಂತ ಡೊಮೇನ್‌ನಲ್ಲಿದೆ, ಅಂದರೆ ವಿಳಾಸದಲ್ಲಿ @ ಆದ ಮೇಲೆ ನಮ್ಮದೇ ಹೆಸರು. ಹೋಸ್ಟಿಂಗ್ ಕಂಪನಿಯ ಸರ್ವರ್‌ನಲ್ಲೇ ಇದ್ದ ಫಿಲ್ಟರ್ ಅದನ್ನು ಸ್ಪ್ಯಾಮ್ ಫೋಲ್ಡರ್‌ಗೆ ಹಾಕಿರುತ್ತಿತ್ತು. "ನಿಮ್ಮ ವೆಬ್‌ಸೈಟನ್ನು ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ" ಎನ್ನುವ ಮೇಲ್ ಮಾತ್ರ ಆರಾಮಾಗಿ ಇನ್‌ಬಾಕ್ಸ್‌ನಲ್ಲಿ ಕೂತಿರುತ್ತಿತ್ತು.

ಆ ಕಾರಣಕ್ಕೆ ಆಫೀಸಿನ ಕಂಪ್ಯೂಟರ್‌ಗಳಿಗೆ ಥಂಡರ್‌ಬರ್ಡ್ ಹಾಕಿದೆವು. ಮೊಜಿಲ್ಲಾದವರ ಉಚಿತ ಮೇಲ್ ತಂತ್ರಾಂಶ ಇದು. 2004ರ ಡಿಸೆಂಬರ್‌ನಲ್ಲಿ ಇದರ 1.0 ಆವೃತ್ತಿ ಬಂತು. ಜನರು ಕೊಡುವ ದೇಣಿಗೆಯಿಂದ ನಡೆಯುತ್ತದೆ. ಇದರ ಒಳಗೆ ಕಲಿಯುವ ಜಂಕ್ ಫಿಲ್ಟರ್, ಅಂದರೆ ಸ್ಪ್ಯಾಮ್ ಫಿಲ್ಟರ್ ಇದೆ. ಎರಡು ವರ್ಷಕ್ಕಿಂತ ಜಾಸ್ತಿ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಬಂದ ಕಸವನ್ನೆಲ್ಲ ಹಿಡಿಯಿತಾ ಎಂದು ನಾನು ನೋಡುವುದಿಲ್ಲ. ಬೇಕಾದ ಮೇಲ್ ಒಂದನ್ನಾದರೂ ಕಳೆಯಿತಾ ಎಂದು ನೋಡುತ್ತೇನೆ. ಹತ್ತು ಕಸದ ಮೇಲ್ ಕಣ್ಣಿಗೆ ಬಿದ್ದರೆ ಅರ್ಧ ನಿಮಿಷ ಹೋಗುತ್ತದೆ. 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯ 139(9)ನೇ ಕಲಮಿನಡಿ, ರಿಟರ್ನ್‌ನಲ್ಲಿ ದೋಷ ಇದೆ ಎನ್ನುವ ನೋಟಿಸ್ ಬಂದು ಅದು ಜಂಕ್‌ನಲ್ಲಿ ಉಳಿದರೆ, ಸರಿಪಡಿಸಲು ಇರುವ 15 ದಿನ ಗೊತ್ತಿಲ್ಲದೆ ಮುಗಿದುಹೋಗುತ್ತದೆ. ರಿಟರ್ನ್‌ನ ಲೆಕ್ಕ ಬದಲಾಯಿಸುತ್ತೇವೆ ಎಂದು ಇಲಾಖೆ ಅದೇ ಕಾಯ್ದೆಯ 143(1)(ಎ) ಅಡಿ ಕೊಡುವ ಸೂಚನೆಗೆ ಉತ್ತರ ಕೊಡಲು ಇರುವುದು 30 ದಿನ. ಪಾರ್ಟಿ ನಮ್ಮನ್ನು ನಂಬಿ ನಮ್ಮ ಮೇಲ್ ವಿಳಾಸ ಕೊಟ್ಟಿರುತ್ತಾರೆ.

ಈ ಲೆಕ್ಕದಲ್ಲಿ ಥಂಡರ್‌ಬರ್ಡ್ ನನಗೆ ತುಂಬಾ ಇಷ್ಟವಾಗಿದೆ. ಆದರೆ ಹಾಕಿದ ದಿನವೇ ಸರಿಯಾಗಿ ಕೆಲಸ ಮಾಡುವ ವಸ್ತು ಇದಲ್ಲ. ಕಲಿಸಬೇಕು, ಸೆಟ್ಟಿಂಗ್‌ಗಳನ್ನು ಕೂತು ನೋಡಬೇಕು.

ಇದರ ಒಳಗಿನ ಲೆಕ್ಕಾಚಾರ ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯದ್ದು. ಅವರ ಸೂತ್ರ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1763ರಲ್ಲಿ. ಅದನ್ನು ಸ್ಪ್ಯಾಮ್ ಹಿಡಿಯಲು ಬಳಸುವ ವಿಧಾನ ಜನಪ್ರಿಯವಾಗಿದ್ದು 2002ರಲ್ಲಿ, ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಅದರ ಬಗ್ಗೆ ಬರೆದ ಮೇಲೆ. ವಿಷಯ ಸರಳ. ನೀವು ಜಂಕ್ ಎಂದು ಗುರುತು ಹಾಕಿದ ಮೇಲ್‌ಗಳಲ್ಲಿ ಯಾವ ಪದ ಎಷ್ಟು ಸಲ ಬಂದಿದೆ, ಒಳ್ಳೆಯದು ಎಂದು ಹೇಳಿದವುಗಳಲ್ಲಿ ಎಷ್ಟು ಸಲ ಬಂದಿದೆ, ಇವೆರಡನ್ನೂ ಲೆಕ್ಕ ಇಡುತ್ತದೆ. ಹೊಸ ಮೇಲ್ ಬಂದಾಗ ಅದರ ಪದಗಳನ್ನು ಈ ಲೆಕ್ಕದ ಜೊತೆ ಹೋಲಿಸಿ ಜಂಕ್ ಆಗಿರುವ ಸಾಧ್ಯತೆ ಎಷ್ಟು ಎಂದು ತೀರ್ಮಾನಿಸುತ್ತದೆ.

ನಮಗೆ ಇದರಿಂದ ಆಗುವ ಲಾಭ ದೊಡ್ಡದು. ಎಲ್ಲರಿಗೂ ಒಂದೇ ನಿಯಮ ಹಾಕುವ ಫಿಲ್ಟರ್‌ಗೆ "ರಿಫಂಡ್" ಎಂದರೆ ಅನುಮಾನ. ನಮ್ಮ ಫಿಲ್ಟರ್‌ಗೆ ಆ ಪದದಿಂದ ಏನೂ ತಿಳಿಯುವುದಿಲ್ಲ, ಯಾಕೆಂದರೆ ಅದು ಎರಡೂ ಕಡೆ ಬರುತ್ತದೆ. ಅದರ ಬದಲು ನಮ್ಮ ಪಾರ್ಟಿಗಳ ಹೆಸರು, "ಮಂಡಿ", "ಅಡಿಕೆ", "26ಎಎಸ್", "ಫಾರಂ 16" ಎಂಬ ತೆರಿಗೆ ದಾಖಲೆಗಳ ಹೆಸರು, ಇಂಥವು ಒಳ್ಳೆಯ ಮೇಲ್‌ನ ಗುರುತಾಗಿ ನಿಲ್ಲುತ್ತವೆ. ದೂರದಲ್ಲಿರುವ ಯಾವ ಸರ್ವರ್‌ಗೂ ಇದು ಗೊತ್ತಿರುವುದಿಲ್ಲ.

ಕಲಿಸುವಾಗ ಬಹಳ ಜನ ಅರ್ಧ ಕೆಲಸ ಮಾತ್ರ ಮಾಡುತ್ತಾರೆ. ಕಸ ಬಂದಾಗ ಜಂಕ್ ಬಟನ್ ಒತ್ತುತ್ತಾರೆ, ಒಳ್ಳೆಯ ಮೇಲ್ ತೋರಿಸುವುದೇ ಇಲ್ಲ. ಆಗ ಅದಕ್ಕೆ ಒಂದೇ ಕಡೆಯ ಪಾಠ ಆಗುತ್ತದೆ, ಎಲ್ಲದರ ಮೇಲೂ ಅನುಮಾನ ಪಡುತ್ತದೆ. ಪಾರ್ಟಿಗಳ ಹಳೆಯ ಮೇಲ್‌ಗಳ ಫೋಲ್ಡರ್ ತೆರೆದು, ಎಲ್ಲವನ್ನೂ ಆರಿಸಿ, ಜಂಕ್ ಅಲ್ಲ ಎಂದು ಗುರುತು ಹಾಕಿ. ಕೀಬೋರ್ಡ್‌ನಲ್ಲಿ ಜೆ ಒತ್ತಿದರೆ ಜಂಕ್, ಶಿಫ್ಟ್ ಹಿಡಿದು ಜೆ ಒತ್ತಿದರೆ ಜಂಕ್ ಅಲ್ಲ. ಹೊಸ ಆವೃತ್ತಿಗಳಲ್ಲಿ ಜಂಕ್ ಬದಲು ಸ್ಪ್ಯಾಮ್ ಎಂದೇ ಬರೆದಿರುತ್ತದೆ, ಕೆಲಸ ಅದೇ. ಮೇಲ್ ಅನ್ನು ಸುಮ್ನೆ ಎಳೆದು ಜಂಕ್ ಫೋಲ್ಡರ್‌ಗೆ ಹಾಕಿದರೆ ಸಾಲದು, ಗುರುತು ಹಾಕಲೇಬೇಕು.

ಈಗ ಸೆಟ್ಟಿಂಗ್‌ಗಳು. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋದರೆ ಪ್ರತಿ ಮೇಲ್ ವಿಳಾಸದ ಕೆಳಗೂ ಜಂಕ್ ಸೆಟ್ಟಿಂಗ್ಸ್ ಎಂಬ ಪುಟ ಇರುತ್ತದೆ. ಅಲ್ಲಿ ಮೊದಲನೆಯದು ಫಿಲ್ಟರ್ ಆನ್ ಮಾಡುವ ಟಿಕ್. ಎರಡನೆಯದೇ ನನ್ನ ಪ್ರಕಾರ ಈ ತಂತ್ರಾಂಶದ ಅತಿ ಒಳ್ಳೆಯ ಅಂಶ. ಅಡ್ರೆಸ್ ಬುಕ್‌ನಲ್ಲಿ ಇರುವವರ ಮೇಲ್ ಅನ್ನು ತಾನಾಗಿ ಜಂಕ್ ಮಾಡಬೇಡ ಎಂದು ಹೇಳುವ ಪಟ್ಟಿ ಅದು. ಅದರಲ್ಲಿ ನೀವೇ ತುಂಬಿಸಿದ ಪುಸ್ತಕದ ಜೊತೆ ಇನ್ನೊಂದು ಇರುತ್ತದೆ, ಕಲೆಕ್ಟೆಡ್ ಅಡ್ರೆಸಸ್ ಅಂತ. ನೀವು ಯಾರಿಗೆ ಮೇಲ್ ಕಳಿಸುತ್ತೀರೋ ಅವರ ವಿಳಾಸ ತಾನಾಗಿ ಅಲ್ಲಿ ಸೇರುತ್ತದೆ. ಎರಡಕ್ಕೂ ಟಿಕ್ ಹಾಕಿ. ನಾವು ಒಂದು ಸಲ ಉತ್ತರ ಕೊಟ್ಟ ಪಾರ್ಟಿಯ ಮೇಲ್, ಸಬ್ಜೆಕ್ಟ್ ಇಲ್ಲದೆ ಬರೀ ಪಿಡಿಎಫ್ ಬಂದರೂ, ಇಲ್ಲಿ ಜಂಕ್ ಆಗುವುದಿಲ್ಲ. ನಮ್ಮ ಆಫೀಸಿನ ಮುಕ್ಕಾಲು ತೊಂದರೆ ಈ ಒಂದು ಟಿಕ್‌ನಿಂದ ಹೋಯಿತು.

ಆದರೆ ಆ ಪುಸ್ತಕದಲ್ಲಿ ನಿಮ್ಮ ಸ್ವಂತ ವಿಳಾಸ ಇರಬಾರದು. ಮೋಸಗಾರರು ಕಳಿಸಿದವರ ಜಾಗದಲ್ಲಿ ನಿಮ್ಮದೇ ವಿಳಾಸ ಬರೆದು, "ನಿಮ್ಮ ಅಕೌಂಟ್ ಹ್ಯಾಕ್ ಮಾಡಿದ್ದೇವೆ" ಎಂದು ಬೆದರಿಸುವುದು ಮಾಮೂಲು. ನಿಮಗೆ ನೀವೇ ಮೇಲ್ ಹಾಕಿಕೊಳ್ಳುವ ಅಭ್ಯಾಸ ಇದ್ದರೆ ನಿಮ್ಮ ವಿಳಾಸವೂ ಅಲ್ಲಿ ಸೇರಿರುತ್ತದೆ. ಹುಡುಕಿ ತೆಗೆದುಬಿಡಿ.

ಅದರ ಕೆಳಗೆ, ಸರ್ವರ್ ಹಾಕಿದ ಗುರುತನ್ನು ನಂಬಬೇಕಾ ಎಂದು ಕೇಳುತ್ತದೆ. ಸ್ಪ್ಯಾಮ್‌ಅಸ್ಯಾಸಿನ್ ಮುಂತಾದ ಸರ್ವರ್ ಫಿಲ್ಟರ್‌ಗಳ ಹೆಸರುಗಳು ಇರುತ್ತವೆ. ಸಣ್ಣ ಹೋಸ್ಟಿಂಗ್ ಪ್ಯಾಕೇಜ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸ್ಪ್ಯಾಮ್‌ಅಸ್ಯಾಸಿನ್. ಪ್ರತಿ ಮೇಲ್‌ಗೆ ಅಂಕ ಹಾಕಿ, 5 ಅಂಕ ಮುಟ್ಟಿದರೆ ಸ್ಪ್ಯಾಮ್ ಎನ್ನುತ್ತದೆ. ನಿಮ್ಮ ಸರ್ವರ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಇದನ್ನು ಆನ್ ಮಾಡಿ, ಸಮಯ ಉಳಿಯುತ್ತದೆ. ನಾನು ಆಫ್ ಇಟ್ಟಿದ್ದೇನೆ. ಹೋಸ್ಟಿಂಗ್ ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ಸರ್ವರ್ ಮೇಲ್‌ಗಳನ್ನು ಬೇರೆ ಫೋಲ್ಡರ್‌ಗೆ ಹಾಕುವುದನ್ನೂ ನಿಲ್ಲಿಸಿದೆ. ತೀರ್ಮಾನ ಒಂದೇ ಕಡೆ ಆಗಲಿ, ಅದೂ ನಮ್ಮ ಪಾರ್ಟಿಗಳನ್ನು ಬಲ್ಲ ಕಡೆ.

ಜಂಕ್ ಅನ್ನು ಬೇರೆ ಫೋಲ್ಡರ್‌ಗೆ ಸಾಗಿಸುವ ಟಿಕ್ ಮೊದಲಿಗೆ ಖಾಲಿ ಇರುತ್ತದೆ. ಕೆಲವು ವಾರ ಹಾಗೇ ಬಿಡಿ. ಅಲ್ಲಿಯವರೆಗೆ ಅನುಮಾನದ ಮೇಲ್‌ಗಳು ಇನ್‌ಬಾಕ್ಸ್‌ನಲ್ಲೇ ಬೆಂಕಿಯ ಗುರುತಿನ ಜೊತೆ ಕಾಣುತ್ತವೆ, ತಪ್ಪಿದ್ದನ್ನು ಅಲ್ಲೇ ತಿದ್ದಬಹುದು. ತಪ್ಪು ಕಡಿಮೆಯಾದ ಮೇಲೆ ಟಿಕ್ ಹಾಕಿ. ಹಳೆಯ ಜಂಕ್ ತಾನಾಗಿ ಅಳಿಸುವ ಆಯ್ಕೆಯೂ ಇದೆ, ಅದರಲ್ಲಿ 14 ದಿನ ಎಂದು ಮೊದಲೇ ತುಂಬಿರುತ್ತದೆ. ನೋಟಿಸ್‌ಗಳ ಜೊತೆ ಕೆಲಸ ಮಾಡುವವರು ಅದನ್ನು ಮುಟ್ಟಬಾರದು. ನಮ್ಮಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಒಬ್ಬರು ಜಂಕ್ ಫೋಲ್ಡರ್ ಮೇಲಿಂದ ಕೆಳಗೆ ನೋಡಿ, ಕೈಯಿಂದಲೇ ಅಳಿಸುತ್ತಾರೆ.

ಇನ್ನೊಂದು ಸೆಟ್ಟಿಂಗ್ ಸ್ವಲ್ಪ ಒಳಗಿದೆ. ಸೆಟ್ಟಿಂಗ್ಸ್‌ನ ಜನರಲ್ ಪುಟದ ಕೊನೆಯಲ್ಲಿ ಕಾನ್ಫಿಗ್ ಎಡಿಟರ್ ಇರುತ್ತದೆ. ಅಲ್ಲಿ ಜಂಕ್ ಥ್ರೆಶೋಲ್ಡ್ (junk_threshold) ಎಂದು ಹುಡುಕಿದರೆ 90 ಕಾಣುತ್ತದೆ. ಸಾಧ್ಯತೆ ಶೇ 90 ಮುಟ್ಟಿದರೆ ಜಂಕ್ ಎನ್ನು ಎಂದು ಅರ್ಥ. ನಾನು 95 ಮಾಡಿದ್ದೇನೆ. ಇನ್‌ಬಾಕ್ಸ್‌ಗೆ ಕಸ ಸ್ವಲ್ಪ ಜಾಸ್ತಿ ಬರುತ್ತದೆ, ಬರಲಿ.

ಇಲಾಖೆಯ ಮೇಲ್‌ಗಳಿಗೆ ಬೇರೆ ಏರ್ಪಾಡು. ಮೆಸೇಜ್ ಫಿಲ್ಟರ್ಸ್‌ನಲ್ಲಿ ಒಂದು ನಿಯಮ ಬರೆದಿದ್ದೇನೆ. ಕಳಿಸಿದವರ ವಿಳಾಸ "ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್" ಎಂದು ಮುಗಿದರೆ ಜಂಕ್ ಅಲ್ಲ ಎಂದು ಗುರುತು ಹಾಕು, ಕೆಂಪು ಟ್ಯಾಗ್ ಹಾಕು. ಜಿಎಸ್‌ಟಿಗೂ ಇಂಥದ್ದೇ ಒಂದು. "ಒಳಗೊಂಡಿದೆ" ಎನ್ನುವ ಷರತ್ತು ಬೇಡ, "ಹೀಗೆ ಮುಗಿಯುತ್ತದೆ" ಎನ್ನುವುದನ್ನು ಆರಿಸಿ. ಇಲಾಖೆಯ ವಿಳಾಸದ ಕೊನೆಗೆ ಬೇರೆ ಡೊಮೇನ್ ಅಂಟಿಸಿ ಕಳಿಸುವವರು ಬಹಳ ಇದ್ದಾರೆ. ಈ ನಿಯಮ ಜಂಕ್ ಪರೀಕ್ಷೆಗಿಂತ ಮೊದಲು ಓಡಬೇಕು, ಆ ಆಯ್ಕೆಯೂ ಅಲ್ಲೇ ಇದೆ. ಇಷ್ಟೆಲ್ಲ ಮಾಡಿದ ಮೇಲೂ ಕೆಂಪು ಟ್ಯಾಗ್ ಎಂದರೆ "ಇದನ್ನು ನೋಡು" ಅಂತ ಮಾತ್ರ. "ಇದನ್ನು ನಂಬು" ಅಂತ ಅಲ್ಲ. ಕಳಿಸಿದವರ ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ನಾವು ಮೇಲ್‌ನ ಲಿಂಕ್ ಒತ್ತುವುದಿಲ್ಲ. ಪೋರ್ಟಲ್‌ಗೆ ಬೇರೆಯಾಗಿ ಲಾಗಿನ್ ಆಗಿ, ಅಲ್ಲಿ ನೋಟಿಸ್ ಇದೆಯಾ ಎಂದು ನೋಡುತ್ತೇವೆ.

ಕನ್ನಡ ಮೇಲ್‌ಗಳ ವಿಷಯ ಹೇಳಲೇಬೇಕು. ನಮ್ಮ ಕೆಲವು ಪಾರ್ಟಿಗಳು, ಒಂದೆರಡು ಸಹಕಾರ ಸಂಘಗಳು ಕನ್ನಡದಲ್ಲೇ ಬರೆಯುತ್ತಾರೆ. ಫಿಲ್ಟರ್ ಅವನ್ನೂ ಪದಪದವಾಗಿ ಓದಿ ಕಲಿಯುತ್ತದೆ, ಭಾಷೆಯ ಕಾರಣಕ್ಕೆ ದೂರ ಇಡುವುದಿಲ್ಲ. ಆದರೆ ಕನ್ನಡದಲ್ಲಿ ಒಂದೇ ಪದ ಹತ್ತು ರೂಪದಲ್ಲಿ ಬರುತ್ತದೆ ಅಲ್ವಾ. ಸಂಘ, ಸಂಘದ, ಸಂಘಕ್ಕೆ, ಸಂಘದಿಂದ. ಫಿಲ್ಟರ್‌ಗೆ ಇವೆಲ್ಲ ಬೇರೆ ಬೇರೆ ಪದ. ಆದ್ದರಿಂದ ಇಂಗ್ಲಿಷ್ ಮೇಲ್‌ಗಿಂತ ಕನ್ನಡ ಮೇಲ್ ಜಾಸ್ತಿ ತೋರಿಸಿ ಕಲಿಸಬೇಕಾಯಿತು. ನಿಮಗೆ ಕನ್ನಡದಲ್ಲಿ ಮೇಲ್ ಬರುತ್ತಿದ್ದರೆ ಮೊದಲ ದಿನವೇ ಅವನ್ನೆಲ್ಲ ಜಂಕ್ ಅಲ್ಲ ಎಂದು ಗುರುತಿಸಿ.

ಕೊರತೆಗಳು ಇವೆ, ಸಣ್ಣವಲ್ಲ. ಈ ಫಿಲ್ಟರ್ ಕೆಲಸ ಮಾಡುವುದು ಥಂಡರ್‌ಬರ್ಡ್ ತೆರೆದಿದ್ದಾಗ ಮಾತ್ರ. ಸಂಜೆ ಆಫೀಸಿನ ಕಂಪ್ಯೂಟರ್ ಬಂದ್ ಮಾಡಿದ ಮೇಲೆ ಬಂದ ಕಸವೆಲ್ಲ ನನ್ನ ಮೊಬೈಲ್‌ನಲ್ಲಿ ಹಾಗೇ ಕಾಣುತ್ತದೆ. 2024ರ ಅಕ್ಟೋಬರ್‌ನಲ್ಲಿ ಬಂದ ಆಂಡ್ರಾಯ್ಡ್ ಥಂಡರ್‌ಬರ್ಡ್ ಕೆ-9 ಮೇಲ್ ಎಂಬ ಆ್ಯಪ್‌ನ ಮೇಲೆ ಕಟ್ಟಿದ್ದು. ಅದರಲ್ಲಿ ಮೇಲ್ ಅನ್ನು ಸ್ಪ್ಯಾಮ್ ಫೋಲ್ಡರ್‌ಗೆ ಸಾಗಿಸಬಹುದು, ಹೀಗೆ ಕಲಿಸಲು ಆಗುವುದಿಲ್ಲ.

ಎರಡನೆಯದು, ಕಲಿತದ್ದು ಒಂದು ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ. ನನ್ನ ಮೇಜಿನ ಕಂಪ್ಯೂಟರ್ ಒಂದು ಕಲಿತರೆ ಪಕ್ಕದ ಮೇಜಿನದು ಇನ್ನೊಂದು ಕಲಿಯುತ್ತದೆ. ಎರಡೂ ಐಮ್ಯಾಪ್‌ನಲ್ಲಿ (ಮೇಲ್ ಸರ್ವರ್‌ನಲ್ಲೇ ಇದ್ದು ಎಲ್ಲ ಕಂಪ್ಯೂಟರ್‌ಗಳಿಗೂ ಕಾಣುವ ವಿಧಾನ) ಒಂದೇ ವಿಳಾಸ ನೋಡುತ್ತಿದ್ದರೆ ಕಿರಿಕಿರಿ ಜಾಸ್ತಿ. ಪಕ್ಕದ ಮೇಜಿನವರು ಬೇಗ ಬಂದು ತೆರೆದರೆ ಅವರ ಫಿಲ್ಟರ್ ಸಾಗಿಸಿದ ಮೇಲ್ ನನ್ನ ಇನ್‌ಬಾಕ್ಸ್‌ನಲ್ಲೂ ಕಾಣುವುದಿಲ್ಲ. ನಾವು ಆಫೀಸಿನ ವಿಳಾಸಕ್ಕೆ ಒಂದೇ ಕಂಪ್ಯೂಟರ್‌ನಲ್ಲಿ ಫಿಲ್ಟರ್ ಆನ್ ಇಟ್ಟು, ಉಳಿದವುಗಳಲ್ಲಿ ಆಫ್ ಮಾಡಿದ್ದೇವೆ. ಅಂದಿನಿಂದ ಗೊಂದಲ ಇಲ್ಲ.

ಮೂರನೆಯದು, ಪಠ್ಯ ಇಲ್ಲದೆ ಬರೀ ಚಿತ್ರ ಇರುವ ಸ್ಪ್ಯಾಮ್ ಇದರ ಕಣ್ಣು ತಪ್ಪಿಸುತ್ತದೆ. ಓದಲು ಪದಗಳೇ ಇಲ್ಲದಿದ್ದರೆ ಲೆಕ್ಕ ಹಾಕುವುದು ಏನನ್ನು? ಒಂದು ಸಮಾಧಾನ, ಹೊರಗಿನ ಸರ್ವರ್‌ನಿಂದ ಬರುವ ಚಿತ್ರಗಳನ್ನು ಥಂಡರ್‌ಬರ್ಡ್ ನೀವು ಹೇಳದೆ ತೆರೆಯುವುದಿಲ್ಲ. ನೀವು ಮೇಲ್ ತೆರೆದಿರಿ ಎನ್ನುವುದು ಕಳಿಸಿದವರಿಗೆ ಅದರಿಂದ ಗೊತ್ತಾಗುವುದಿಲ್ಲ.

ಜಿಮೇಲ್ ಮಾತ್ರ ಬಳಸುವವರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ. ಜಿಮೇಲ್ ಸರ್ವರ್‌ನ ಫಿಲ್ಟರ್ ಗಟ್ಟಿಯಾಗಿದೆ, ಅದರ ಮೇಲೆ ಇನ್ನೊಂದು ಬೇಡ. ಆದರೆ ಅಲ್ಲಿ ಸ್ಪ್ಯಾಮ್ ಫೋಲ್ಡರ್‌ನ ಮೇಲ್ 30 ದಿನಕ್ಕೆ ಅಳಿಸಿ ಹೋಗುತ್ತದೆ, ಅದನ್ನು ಆಗಾಗ ನೋಡುತ್ತಿರಿ. ಸ್ವಂತ ಡೊಮೇನ್ ಇಟ್ಟುಕೊಂಡ ಸಣ್ಣ ಆಫೀಸು, ಅಂಗಡಿ, ಸಂಘ, ಕ್ಲಿನಿಕ್ ಇಂಥವರಿಗೆ ಥಂಡರ್‌ಬರ್ಡ್ ಅನ್ನು ಧೈರ್ಯವಾಗಿ ಹೇಳುತ್ತೇನೆ. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಡಿಮೆ ಮಾಡಿದ್ದು, ಕಲಿತದ್ದನ್ನು ಕಂಪ್ಯೂಟರ್‌ಗಳ ನಡುವೆ ಹಂಚಿಕೊಳ್ಳುವ ಸುಲಭ ದಾರಿ ಕೊಡದ ಕಾರಣಕ್ಕೆ.

ಹಾಕಿಕೊಂಡವರಿಗೆ ಇನ್ನೊಂದು ವಿಷಯ. ಇದು ಕಲಿತದ್ದೆಲ್ಲ, ಥಂಡರ್‌ಬರ್ಡ್ ತನ್ನ ಮಾಹಿತಿ ಇಡುವ ಪ್ರೊಫೈಲ್ ಫೋಲ್ಡರ್‌ನಲ್ಲಿ "ಟ್ರೈನಿಂಗ್ ಡಾಟ್ ಡ್ಯಾಟ್" (training.dat) ಎಂಬ ಒಂದೇ ಫೈಲ್‌ನಲ್ಲಿ ಇರುತ್ತದೆ. ನಿಮ್ಮ ಎಲ್ಲ ವಿಳಾಸಗಳಿಗೂ ಆ ಒಂದೇ ಫೈಲ್. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಬ್ಯಾಕಪ್ ತೆಗೆಯುವಾಗ ಅದನ್ನೂ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಕಂಪ್ಯೂಟರ್ ಬದಲಾಯಿಸಿದರೆ ಥಂಡರ್‌ಬರ್ಡ್ ಮುಚ್ಚಿ, ಹೊಸ ಪ್ರೊಫೈಲ್‌ನಲ್ಲಿ ಅದನ್ನು ಹಾಕಿ ತೆರೆಯಿರಿ. ಮೊದಲಿನಿಂದ ಕಲಿಸುವ ಕೆಲಸ ಇರುವುದಿಲ್ಲ.